ಅಂಚೆಯಲ್ಲಿ ಪ್ರೋಗ್ರಾಮರ್ ಆದ ಅಕ್ಕೋರು

ತೀರ್ಥಹಳ್ಳಿಯಲ್ಲಿರುವ ನನ್ನ ತಂಗಿಯ ಮಗಳು ಮೊನ್ನೆ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, “ದೊಡ್ಡಮ್ಮ, ಇವೆಲ್ಲ ಆನ್‌ಲೈನ್ ಸರ್ಟಿಫಿಕೇಟು. ಇವನ್ನ ತೋರ್ಸಿದ್ರೆ ಪ್ರೋಗ್ರಾಮಿಂಗ್ ಕೆಲಸ ಕೊಡ್ತಾರಾ?” ಎಂದು ಕೇಳಿದಳು. ಅದೇ ಕೆಲಸದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಉತ್ತರ ಹೇಳಬೇಕಾದವಳೂ ನಾನೇ. ಆದರೆ ಬಾಯಿಗೆ ಬಂದದ್ದು, “ಇದನ್ನ ನಮ್ಮ ಅಕ್ಕೋರನ್ನ ಕೇಳ್ಬೇಕಿತ್ತು ಕಣೇ” ಎಂಬ ಮಾತು. ಅಕ್ಕೋರು ಈ ವರ್ಷ ಮಳೆ ಹಿಡಿಯುವ ಮೊದಲೇ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಬಂತು, ಮುಖ ನೋಡಲು ಹೋಗಲಾಗಲಿಲ್ಲ. ಆ ಕೊರಗು ಇನ್ನೂ ಒಳಗೆ ಕೂತಿದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಇವರು ಶಾಲೆಯ ಅಕ್ಕೋರಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಸಾಗರದ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಶುರು ಮಾಡಿದವರು. ನಾನು ಅರಳಸುರಳಿಯ ಕಡೆಯವಳು. ಸಾಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬಿ.ಕಾಂ. ಮುಗಿಸಿ, ಮುಂದೇನು ಎಂದು ತಿಳಿಯದೆ ಆ ಮರದ ಮೆಟ್ಟಿಲು ಹತ್ತಿದೆ. ಟೈಪಿಂಗ್ ಕಲಿತ ಮೇಲೆ ಅವರೇ ನನ್ನನ್ನು ಅಲ್ಲಿಯೇ ಶಾರ್ಟ್‌ಹ್ಯಾಂಡ್ ಹೇಳಿಕೊಡಲು ಇಟ್ಟುಕೊಂಡರು. “ನಿಂಗೆ ಬಾಯಿ ಜಾಸ್ತಿ, ಡಿಕ್ಟೇಷನ್ನಿಗೆ ಸರಿ ಆಗ್ತದೆ” ಎಂದಿದ್ದರು. ನನ್ನ ಮೊದಲ ನೌಕರಿಯ ನೇಮಕಾತಿ ಆದೇಶ ಅದು.

ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ಎದುರಿಗೆ ಗೋಡೆ. ಗೋಡೆ ತುಂಬ ಚೌಕಟ್ಟು ಹಾಕಿದ ಸರ್ಟಿಫಿಕೇಟುಗಳು. ಇಂಗ್ಲಿಷ್ ಟೈಪಿಂಗಿನದು, ಕನ್ನಡದ್ದು, ಶಾರ್ಟ್‌ಹ್ಯಾಂಡಿನದು, ಹಿಂದಿ ಪರೀಕ್ಷೆಗಳದ್ದು, ಹೊಲಿಗೆಯದು, ಪ್ರಥಮ ಚಿಕಿತ್ಸೆಯದು. ದೇವರ ಪಟ ಒಂದೇ ಒಂದು, ಅದೂ ಹೊಲಿಗೆ ಸರ್ಟಿಫಿಕೇಟಿನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಿತ್ತು. ಕೆಳಗಿನ ಅಂಗಡಿಯವರು ಬೆರಳು ಕೊಯ್ದುಕೊಂಡರೆ ಅಕ್ಕೋರು ಪುಸ್ತಕದಲ್ಲಿ ಇದ್ದ ಹಾಗೆಯೇ ಕೈಯನ್ನು ಮೇಲೆತ್ತಿಸಿ, ಕುರ್ಚಿಯಲ್ಲಿ ಕೂರಿಸಿ, ಬ್ಯಾಂಡೇಜು ಸುತ್ತುತ್ತಿದ್ದರು. ಸಣ್ಣ ಗಾಯದವನೂ ಕೆಳಗಿಳಿಯುವಾಗ ಯುದ್ಧದಿಂದ ಬಂದವನಂತೆ ಕಾಣುತ್ತಿದ್ದ.

ಜೇನು ಸಾಕಣೆಯ ತರಬೇತಿಗೂ ಹೋಗಿ ಒಂದು ಸರ್ಟಿಫಿಕೇಟ್ ತಂದಿದ್ದರು. ಹಿತ್ತಲಲ್ಲಿ ಪೆಟ್ಟಿಗೆ ಇಟ್ಟರು. ಪೆಟ್ಟಿಗೆಗೆ ಇರುವೆ ಬಂತು, ಹಲ್ಲಿ ಬಂತು, ಜೇನು ಮಾತ್ರ ಬರಲಿಲ್ಲ.

“ಅಕ್ಕೋರೆ, ಜೇನಿಗೆ ಸರ್ಟಿಫಿಕೇಟ್ ತೋರ್ಸಿದ್ರಾ?” ಎಂದು ಕೆಣಕಿದೆ.

“ಜೇನಿಗೆ ಓದಕ್ಕೆ ಬರಲ್ಲ ಮಾರಾಯ್ತಿ. ಮನುಷ್ಯರಿಗೆ ಬರ್ತದೆ. ನಾನು ಇಟ್ಕೊಂಡಿರೋದು ಮನುಷ್ಯರಿಗೆ” ಎಂದರು. ನಗಲಿಲ್ಲ.

ಈ ಹುಚ್ಚು ಎಲ್ಲಿಂದ ಬಂತು ಎಂದು ಬಹಳ ದಿನ ನನಗೆ ಗೊತ್ತಿರಲಿಲ್ಲ. ಒಮ್ಮೆ ಅವರ ಜೊತೆ ಹೊಸನಗರದ ಕಡೆಯ ಅವರ ಊರಿಗೆ ಹೋಗಿದ್ದೆ. ಅವರ ಅಪ್ಪ ಹಿಂದೆ ಗೇಣಿ ಒಕ್ಕಲು. ಎಪ್ಪತ್ತರ ದಶಕದಲ್ಲಿ ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಅರ್ಜಿ ಕೊಟ್ಟು, ಕಾದು, ತಾನು ಉಳುತ್ತಿದ್ದ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡವರು. ಆ ಆದೇಶದ ಕಾಗದ ಬಂದಾಗ ಮನೆಯಲ್ಲಿ ಓದು ಬರುತ್ತಿದ್ದವರು ಮಗಳೊಬ್ಬಳೇ. ಅಕ್ಕೋರು ಅದನ್ನು ಗಟ್ಟಿಯಾಗಿ ಓದಿ ಹೇಳಿದರಂತೆ. ಅಪ್ಪ ಮತ್ತೊಮ್ಮೆ ಓದು ಎಂದರಂತೆ. ಮತ್ತೆ ಮತ್ತೊಮ್ಮೆ.

ಗದ್ದೆಯ ಅಂಚಿನಲ್ಲಿ ನಡೆಯುತ್ತ ಅಕ್ಕೋರು ಹೇಳಿದ್ದು ನನಗೆ ನಿನ್ನೆ ಕೇಳಿದಷ್ಟು ನೆನಪಿದೆ. “ಗದ್ದೆ ಅದೇ, ಎತ್ತು ಅದೇ, ಅಪ್ಪಾನೂ ಅದೇ. ಕಾಗದ ಒಂದು ಬಂತು ನೋಡು, ಮಾರನೇ ದಿನದಿಂದ ಅಪ್ಪ ಮಾತಾಡೋ ದನೀನೇ ಬೇರೆ ಆತು. ಅದಕ್ಕೂ ಮುಂಚೆ ಒಡೇರ ಮನೆ ಅಂಗಳದ ತುದೀಲಿ ನಿಂತು ಮಾತಾಡ್ತಿದ್ರು. ಆಮೇಲೆ ಜಗಲಿ ಮೇಲೆ ಕೂತ್ರು. ನೀವೆಲ್ಲ ಕಾಗದ ಅಂದ್ರೆ ಕಾಗದ ಅಂತೀರಿ. ನಂಗೆ ಹಂಗೆ ಅನ್ನಕ್ಕೆ ಬರಲ್ಲ.”

ಆಮೇಲೆ ನಾನು ಗೋಡೆಯ ಬಗ್ಗೆ ತಮಾಷೆ ಮಾಡುವುದನ್ನು ಕಡಿಮೆ ಮಾಡಿದೆ. ಪೂರ್ತಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ.

ಪಾಠದಲ್ಲಿ ಅವರು ಕಟ್ಟುನಿಟ್ಟು. ಅಳಿಸುವ ರಬ್ಬರು ಆ ಮಾಳಿಗೆಗೆ ಹತ್ತುವ ಹಾಗಿರಲಿಲ್ಲ. ಒಂದಕ್ಷರ ತಪ್ಪಿದರೆ ಇಡೀ ಹಾಳೆಯನ್ನು ಮತ್ತೆ ಹೊಡೆಯಬೇಕು. ಬೆರಳು ನೋಡಿಕೊಂಡು ಹೊಡೆಯುವವರ ಕೈಮೇಲೆ ಕರವಸ್ತ್ರ ಹಾಸುತ್ತಿದ್ದರು. ಯಾರಾದರೂ ಅತ್ತರೆ ಮಾತ್ರ ಅವರಿಗೆ ಗಾಬರಿ. ಕೂಡಲೇ ಕೆಳಗಿನ ಹೋಟೆಲಿನಿಂದ ಚಾ ತರಿಸಿ, “ಕುಡಿ, ಕುಡಿ, ಆಮೇಲೆ ಹೊಡಿ” ಎನ್ನುತ್ತಿದ್ದರು. ಅವರ ಕೈಯಲ್ಲಿ ಕಲಿತು ಪಾಸಾದವರು ಸಾಗರದ ಎಷ್ಟೋ ಕಚೇರಿಗಳಲ್ಲಿ ಕೂತರು. ಅಕ್ಕೋರಿಗೆ ಮಾತ್ರ ಒಂದು ಸರಿಯಾದ ಕೆಲಸ ಸಿಗಲಿಲ್ಲ. ಪರೀಕ್ಷೆ ಬರೆದರು, ಅರ್ಜಿ ಹಾಕಿದರು, ಒಂದಲ್ಲ ಒಂದು ಕಾರಣಕ್ಕೆ ತಪ್ಪುತ್ತಲೇ ಬಂತು. ಮದುವೆ ಮಾಡಿಕೊಂಡಿರಲಿಲ್ಲ. ಅದರ ಬಗ್ಗೆ ಕೇಳಿದರೆ, “ಮೊದ್ಲು ಕೆಲಸ ಆಗ್ಲಿ” ಎನ್ನುತ್ತಿದ್ದರು. ಸರಕಾರಿ ಕೆಲಸದ ವಯಸ್ಸು ದಾಟಿತು. ಸಹಕಾರಿ ಸಂಸ್ಥೆಗಳಲ್ಲಿ, ಖಾಸಗಿಯವರಲ್ಲಿ ಇನ್ನೂ ಒಂದಷ್ಟು ದಾರಿ ಉಳಿದಿತ್ತು.

ಆ ಹೊತ್ತಿಗೆ ಅಂದರೆ ಎಂಬತ್ತರ ದಶಕದ ನಡುವೆ, ಪೇಪರಿನಲ್ಲಿ ಅವರ ಕಣ್ಣಿಗೆ ಒಂದು ಜಾಹೀರಾತು ಬಿತ್ತು. ಮನೆಯಲ್ಲೇ ಕುಳಿತು, ಅಂಚೆಯ ಮೂಲಕ, ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯಿರಿ; ಕೊನೆಗೆ ಸರ್ಟಿಫಿಕೇಟ್ ಕೊಡಲಾಗುವುದು. ಆಗ ಸಾಗರದಲ್ಲಿ ಕಂಪ್ಯೂಟರನ್ನು ಕಣ್ಣಾರೆ ಕಂಡವರು ಯಾರೂ ನನಗೆ ಗೊತ್ತಿರಲಿಲ್ಲ. ಚಿಕ್ಕಮ್ಮನಿಗೆ ಹೇಳಿದಾಗ, “ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಾರಂತಾ ನಿಮ್ಮ ಅಕ್ಕೋರು?” ಎಂದು ನಕ್ಕರು. ನಾನೂ ನಕ್ಕೆ. ಅಕ್ಕೋರು ಅಷ್ಟರಲ್ಲಿ ಶುಲ್ಕ ಕಳಿಸಿ ಆಗಿತ್ತು.

ಪಾಠಗಳು ದಪ್ಪ ಲಕೋಟೆಯಲ್ಲಿ ಬರುತ್ತಿದ್ದವು. ಅಂಚೆಯವರು ಮೆಟ್ಟಿಲ ಬುಡದಿಂದಲೇ, “ಎಂತ ಅಕ್ಕೋರೆ, ಕಂಪ್ಯೂಟರ್ ಬಂತಾ?” ಎಂದು ಕೂಗುತ್ತಿದ್ದರು. “ಇಲ್ಲ, ಅದರ ಬುದ್ಧಿ ಮಾತ್ರ ಬರ್ತಾ ಉಂಟು” ಎಂದು ಇವರು ಮೇಲಿನಿಂದ. ಭಾಷೆಯ ಹೆಸರು ಕೋಬಾಲ್. ಕಚೇರಿಯ ಲೆಕ್ಕಪತ್ರಗಳಿಗೆ ಆಗ ಅದೇ ನಡೆಯುತ್ತಿತ್ತು. ಚೌಕುಳಿ ಹಾಳೆಯ ಮೇಲೆ ಪ್ರೋಗ್ರಾಮ್ ಬರೆದು ಕಳಿಸಬೇಕು. ಕೋರ್ಸಿನವರು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಾರೆ. ಹೋಗಿ ಬರಲು ವಾರಗಳು ಹಿಡಿಯುತ್ತಿದ್ದವು. ಒಂದು ಪೂರ್ಣವಿರಾಮ ಬಿಟ್ಟುಹೋದದ್ದು ಗೊತ್ತಾಗುವ ಹೊತ್ತಿಗೆ ಕಾಲವೇ ಬದಲಾಗಿರುತ್ತಿತ್ತು.

ಅಷ್ಟು ಕಾಯುವ ತಾಳ್ಮೆ ಅಕ್ಕೋರಿಗೆ ಇರಲಿಲ್ಲ. ಬರೆದದ್ದು ಸರಿಯೋ ತಪ್ಪೋ ಇಲ್ಲಿಯೇ ತಿಳಿಯಬೇಕು. ಅದಕ್ಕೆ ಅವರು ಕಂಡುಕೊಂಡ ಉಪಾಯವೇ ನಾನು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಬೆಂಚಿನ ಮೇಲೆ ಖಾಲಿ ಬೆಂಕಿಪೊಟ್ಟಣಗಳನ್ನು ಸಾಲಾಗಿ ಇಡುತ್ತಿದ್ದರು. ಒಂದೊಂದರ ಮೇಲೂ ಒಂದೊಂದು ಹೆಸರು, ಒಳಗೆ ಅಂಕಿ ಬರೆದ ಚೀಟಿ. ಅದು ಕಂಪ್ಯೂಟರಿನ ನೆನಪು. ಅವರು ಪ್ರೋಗ್ರಾಮನ್ನು ಸಾಲು ಸಾಲಾಗಿ ಓದುವುದು. ನಾನು ಆ ಸಾಲು ಹೇಳಿದಂತೆ ಪೊಟ್ಟಣದಿಂದ ಚೀಟಿ ತೆಗೆದು, ಕೂಡಿ, ಕಳೆದು, ಮತ್ತೊಂದರಲ್ಲಿ ಇಡುವುದು. ಬರೆ ಎಂದು ಬಂದಾಗ ಟೈಪ್‌ರೈಟರಿನಲ್ಲಿ ಹೊಡೆಯುವುದು. ನಾನೇ ಕಂಪ್ಯೂಟರು, ನಾನೇ ಪ್ರಿಂಟರು.

ನಿಯಮ ಒಂದೇ. ಕಂಪ್ಯೂಟರ್ ಯೋಚನೆ ಮಾಡಬಾರದು.

ಒಂದು ದಿನ ಅವರು ಯಾರು ಪಾಸು, ಯಾರು ಫೇಲು ಎಂದು ಹೇಳುವ ಪ್ರೋಗ್ರಾಮ್ ಬರೆದಿದ್ದರು. ಓದುತ್ತಿದ್ದಂತೆ ಒಂದು ಕಡೆ ಪಾಸಾದವರನ್ನು ಫೇಲು ಮಾಡಿಬಿಟ್ಟಿದ್ದಾರೆ ಎಂದು ನನಗೆ ಗೊತ್ತಾಯಿತು. ಪಾಪ, ದಣಿದಿದ್ದಾರೆ ಎಂದುಕೊಂಡು ನಾನೇ ಸರಿಮಾಡಿಕೊಂಡು ಪಾಸು ಎಂದು ಹೊಡೆದೆ. ಹಾಳೆ ನೋಡಿದವರೇ ಸಿಟ್ಟಾದರು.

“ಇದು ನನ್ನ ಪ್ರೋಗ್ರಾಮಿಂದ ಬರೋ ಉತ್ತರ ಅಲ್ಲ. ನೀನು ಎಂತ ಮಾಡ್ದೆ?”

“ತಪ್ಪಾಗಿತ್ತು ಅಕ್ಕೋರೆ. ತಿದ್ಕೊಂಡೆ.”

“ಕಂಪ್ಯೂಟರ್ ತಿದ್ಕಳ್ತದಾ? ಅದಕ್ಕೆ ಕರುಣೆ ಇರಲ್ಲ ಹುಡ್ಗಿ. ನೀನು ಹಿಂಗೆ ಕರುಣೆ ತೋರ್ಸಿದ್ರೆ ನಾಳೆ ಅದರ ಮುಂದೆ ಕೂತಾಗ ನನ್ನ ಗತಿ ಎಂತ?”

ಇನ್ನೊಂದು ಸಂಜೆ ಅದಕ್ಕೆ ಸೇಡು ತೀರಿಸಿಕೊಂಡೆ. ಅವರು ಸುತ್ತಿ ಸುತ್ತಿ ಒಂದೇ ಕೆಲಸ ಮಾಡುವ ಪ್ರೋಗ್ರಾಮ್ ಬರೆದು, ಎಲ್ಲಿ ನಿಲ್ಲಬೇಕೆಂದು ಬರೆಯಲು ಮರೆತಿದ್ದರು. ನಾನು ಚೀಟಿ ಎತ್ತಿ ಇಡುತ್ತಲೇ ಹೋದೆ. ಅವರು “ಸಾಕು” ಎಂದರು. ನಾನು ನಿಲ್ಲಲಿಲ್ಲ. “ಸಾಕು ಬಿಡೇ, ಗೊತ್ತಾತು” ಎಂದರು. ನಾನು ಮುಖದಲ್ಲಿ ಏನೂ ತೋರಿಸದೆ ಚೀಟಿ ಎತ್ತಿಡುತ್ತಿದ್ದೆ. ಕೊನೆಗೆ ಅವರು ನನ್ನ ಎರಡೂ ಕೈ ಹಿಡಿದು, ನಕ್ಕು ನಕ್ಕು ಬೆಂಚಿನ ಮೇಲೆ ಕುಸಿದರು. ಅವರು ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ. ಈ ಆಟದಲ್ಲಿ ನನಗೇ ಗೊತ್ತಿಲ್ಲದಂತೆ ನಾನೂ ಪ್ರೋಗ್ರಾಮಿಂಗ್ ಕಲಿತುಬಿಟ್ಟಿದ್ದೆ.

ಕೋರ್ಸು ಮುಗಿಯಿತು, ಸರ್ಟಿಫಿಕೇಟ್ ಬಂತು. ಚೌಕಟ್ಟು ಹಾಕಿಸಲು ಹೋದವರು ಅಂಗಡಿಯಲ್ಲೇ ಕೂತು, ಮೊಳೆ ಹೊಡೆದು ಮುಗಿಯುವ ತನಕ ಕಾದು ತಂದರು. ನಾವು ಗೋಡೆಯಲ್ಲಿ ಜಾಗ ಮಾಡಲು ಜೇನಿನದನ್ನು ಇಳಿಸಿದೆವು. ಅವರು ಅದನ್ನು ನೇತುಹಾಕಿ, ಹಿಂದೆ ಸರಿದು ನಿಂತು, “ಈಗ ನಾನು ಪ್ರೋಗ್ರಾಮರ್ ಅಲ್ಲನೇ?” ಎಂದು ಕೇಳಿದರು. ಕೇಳಿದ್ದು ನನ್ನನ್ನೋ ಗೋಡೆಯನ್ನೋ ತಿಳಿಯಲಿಲ್ಲ. “ಹೌದಪ್ಪ, ಹೌದು” ಎಂದೆ.

ಅದೇ ಸಮಯಕ್ಕೆ ತೀರ್ಥಹಳ್ಳಿಯ ಒಂದು ಸಹಕಾರಿ ಸಂಸ್ಥೆಯವರು ಕಂಪ್ಯೂಟರ್ ತರಿಸಿ, ಪ್ರೋಗ್ರಾಮರ್ ಬೇಕೆಂದು ಪ್ರಕಟಣೆ ಕೊಟ್ಟರು. ವಯಸ್ಸಿನ ಮಿತಿ ನೋಡಿದರೆ ಅಕ್ಕೋರಿಗೆ ಇದೇ ಕೊನೆಯ ಅವಕಾಶ; ಬರುವ ವರ್ಷಕ್ಕೆ ಈ ಬಾಗಿಲೂ ಮುಚ್ಚುತ್ತದೆ. ಸಂದರ್ಶನಕ್ಕೆ ಕರೆ ಬಂತು. ಹೊಸ ಸೀರೆ ತೆಗೆದರು. ನನ್ನನ್ನೂ ಜೊತೆಗೆ ಎಳೆದುಕೊಂಡು ಹೊಸನಗರದ ಮೇಲೆ ಹೋಗುವ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು. ಪಕ್ಕದ ಸೀಟಿನ ಅಜ್ಜಿ, ಇವರು ಮಂತ್ರ ಹೇಳುತ್ತಿದ್ದಾರೆಂದು ತಿಳಿದು ಕೈಮುಗಿದರು. ಅಕ್ಕೋರು ಹೇಳುತ್ತಿದ್ದದ್ದು ಕೋಬಾಲ್.

ಸಂದರ್ಶನ ಮಾಡಿದವರು ಸಂಸ್ಥೆಯ ಅಧ್ಯಕ್ಷರು, ಕಾರ್ಯದರ್ಶಿ, ಮತ್ತು ಕಂಪ್ಯೂಟರ್ ಕೂರಿಸಲು ಬೆಂಗಳೂರಿನಿಂದ ಬಂದಿದ್ದ ಒಬ್ಬ ಎಂಜಿನಿಯರ್. ಒಳಗೆ ನಡೆದ ಮಾತನ್ನು ಅಕ್ಕೋರೇ ಆಮೇಲೆ ನನಗೆ ಹೇಳಿದರು. ಅಧ್ಯಕ್ಷರು ಅಂಚೆಯ ಸರ್ಟಿಫಿಕೇಟನ್ನು ಆಚೀಚೆ ತಿರುಗಿಸಿ ನೋಡಿ, “ಅಮ್ಮಾ, ಈಜೋದನ್ನ ಅಂಚೇಲಿ ಕಲಿಯಕ್ಕೆ ಆಗ್ತದಾ?” ಎಂದು ಕೇಳಿದರಂತೆ. ಎಂಜಿನಿಯರು ಮಾತ್ರ ನಗದೆ, ಕಂಪ್ಯೂಟರ್ ನೋಡಿದ್ದೀರಾ ಎಂದರಂತೆ.

“ಕಂಡಿಲ್ಲ ಸರ್.”

“ಮತ್ತೆ ನೀವು ಬರೆದದ್ದು ಸರಿ ಇದೆ ಅಂತ ಹೇಗೆ ಗೊತ್ತಾಗ್ತಿತ್ತು?”

“ಹೊರಗೆ ಬೆಂಚಿನ ಮೇಲೆ ಒಂದು ಹುಡ್ಗಿ ಕೂತಿದಾಳೆ ಸರ್. ಅವಳನ್ನೇ ಕಂಪ್ಯೂಟರ್ ಮಾಡ್ಕೊಂಡಿದ್ದೆ.”

ಎಂಜಿನಿಯರಿಗೆ ಅದು ಹಿಡಿಸಿತು. ಒಂದು ಲೆಕ್ಕ ಕೊಟ್ಟು, ಇದಕ್ಕೆ ಪ್ರೋಗ್ರಾಮ್ ಬರೆದು ಕಂಪ್ಯೂಟರಿನಲ್ಲಿ ನಡೆಸಿ ತೋರಿಸಿ, ಮಧ್ಯಾಹ್ನದ ಊಟದ ಹೊತ್ತಿನ ತನಕ ಸಮಯ ಇದೆ ಎಂದರು.

ಕಂಪ್ಯೂಟರ್ ಕೋಣೆಗೆ ಗಾಜಿನ ಗೋಡೆ. ಒಳಗೆ ತಂಪು ಯಂತ್ರ, ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗ. ಅಕ್ಕೋರು ಚಪ್ಪಲಿ ಕಳಚಿ, ಬಲಗಾಲಿಟ್ಟು ಒಳಗೆ ಹೋದರು. ನಾನು ಹೊರಗಿನ ಬೆಂಚಿನಿಂದ ಎಲ್ಲವನ್ನೂ ನೋಡುತ್ತಿದ್ದೆ. ಕಾಗದದ ಮೇಲೆ ಬರೆದು ಮುಗಿಸಿದರು. ಆಮೇಲೆ ಕೀಲಿಮಣೆಯ ಮೇಲೆ ಬೆರಳಿಟ್ಟರು. ಶುರು ಮಾಡಿದ ಮೇಲೆ ನೋಡಬೇಕಿತ್ತು ಆ ವೇಗ! ಕಣ್ಣು ಕಾಗದದ ಮೇಲೆ, ಬೆರಳು ಮಳೆ ಸುರಿದ ಹಾಗೆ. ಕಚೇರಿಯ ಗುಮಾಸ್ತರು ಗಾಜಿಗೆ ಮೂಗು ಹಚ್ಚಿ ನಿಂತರು. ಗೆದ್ದರು ಎಂದುಕೊಂಡೆ.

ಪ್ರೋಗ್ರಾಮ್ ನಡೆಸುವ ಆಜ್ಞೆ ಕೊಟ್ಟರು. ಹಸಿರು ತೆರೆಯ ತುಂಬ ತಪ್ಪು, ತಪ್ಪು, ತಪ್ಪು ಎಂಬ ಸಾಲುಗಳು ಇಳಿದವು.

ಅಕ್ಕೋರು ಕಾಗದ ನೋಡಿದರು, ತೆರೆ ನೋಡಿದರು. ಸಾಲು ಸಾಲಾಗಿ ಬೆರಳಿಟ್ಟು ಹೋಲಿಸಿದರು. ಎಲ್ಲ ಸರಿಯಾಗಿದೆ. ಅವರ ಅಭ್ಯಾಸದಂತೆ ಇಡೀ ಪ್ರೋಗ್ರಾಮನ್ನು ಮತ್ತೆ ಮೊದಲಿನಿಂದ ಹೊಡೆದರು. ಮತ್ತೆ ಅದೇ ತಪ್ಪುಗಳು. ಮೂರನೆಯ ಸಲ ಹೊಡೆಯುವಾಗ ಅವರ ಕುತ್ತಿಗೆಯ ಹಿಂದೆ ಬೆವರು ಇಳಿಯುವುದು ಆ ತಂಪು ಕೋಣೆಯಲ್ಲೂ ನನಗೆ ಕಾಣಿಸಿತು. ಊಟದ ಹೊತ್ತಾಯಿತು. ಕಾರ್ಯದರ್ಶಿ ಬಂದು, “ಆತಮ್ಮ, ಸಾಕು” ಎಂದರು.

ಸಂಜೆ ಆಯ್ಕೆಯಾದವರ ಹೆಸರು ಹೇಳಿದರು. ಡಿಗ್ರಿ ಮಾಡಿಕೊಂಡು ಶಿವಮೊಗ್ಗದಿಂದ ಬಂದಿದ್ದ ಒಬ್ಬ ಯುವಕ. ಎಂಜಿನಿಯರು ಕೊಟ್ಟ ಲೆಕ್ಕವನ್ನು ಅವನು ನಡೆಸಿ ತೋರಿಸಿದ್ದ; ಅವನದೇನೂ ಅನ್ಯಾಯದ ಆಯ್ಕೆಯಲ್ಲ. ನಾವು ಬಸ್ ನಿಲ್ದಾಣದ ಕಡೆ ಹೊರಟಾಗ ಎಂಜಿನಿಯರು ಒಂದು ಹಾಳೆ ಹಿಡಿದು ಹಿಂದೆ ಬಂದರು. ಅವರು ಇಡೀ ಮಧ್ಯಾಹ್ನ ಕೂತು ಅಕ್ಕೋರ ತಪ್ಪನ್ನು ಹುಡುಕಿದ್ದರು.

“ಮೇಡಂ, ನಿಮ್ಮ ಪ್ರೋಗ್ರಾಮ್ ಸರಿ ಇದೆ. ಒಂದು ಅನ್ನೋ ಅಂಕಿ ಬರಬೇಕಾದ ಕಡೆಯಲ್ಲೆಲ್ಲ ನೀವು ಇಂಗ್ಲಿಷಿನ ಸಣ್ಣ ಎಲ್ ಅಕ್ಷರ ಹೊಡೆದಿದ್ದೀರಿ. ನೋಡೋಕೆ ಎರಡೂ ಒಂದೇ ಥರ. ಕಂಪ್ಯೂಟರಿಗೆ ಬೇರೆ ಬೇರೆ. ನಂಗೂ ಬೇಗ ಕಾಣಲಿಲ್ಲ.”

ಅಕ್ಕೋರು ರಸ್ತೆಯಲ್ಲೇ ನಿಂತುಬಿಟ್ಟರು. ನಮ್ಮ ಹಳೆಯ ಟೈಪ್‌ರೈಟರುಗಳಲ್ಲಿ ಒಂದು ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ. ಅಂಕಿಗಳು ಎರಡರಿಂದ ಶುರು. ಒಂದು ಬೇಕಾದಾಗ ಸಣ್ಣ ಎಲ್ ಹೊಡೆಯಬೇಕು. ಕಾಗದದ ಮೇಲೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಕ್ಕೋರು ವರ್ಷಗಟ್ಟಲೆ ಹಾಗೆಯೇ ಹೊಡೆದವರು, ಹಾಗೆಯೇ ಕಲಿಸಿದವರು. ಆ ಬೆರಳುಗಳನ್ನು ಕೇಳಿದ್ದರೆ ಒಂದು ಎಂದರೆ ಅದೇ ಎನ್ನುತ್ತಿದ್ದವು. ಟೈಪಿಂಗೇ ಬಾರದವನೊಬ್ಬ ಒಂದೊಂದೇ ಕೀಲಿ ಹುಡುಕಿ ಒತ್ತಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ.

“ಸರ್, ನಂಗೆ ಈ ಮಷೀನು ಮುಂಚೆ ಒಂದು ದಿನ ಮುಟ್ಟಕ್ಕೆ ಸಿಕ್ಕಿದ್ರೆ?” ಎಂದು ಅಕ್ಕೋರು ಕೇಳಿದರು.

“ಒಂದು ದಿನ ಸಾಕಿತ್ತು ಮೇಡಂ” ಎಂದರು ಅವರು. ಅವರ ಮುಖವೂ ಸಣ್ಣದಾಗಿತ್ತು. “ನಾನು ಅಧ್ಯಕ್ಷರಿಗೆ ಹೇಳಿ ನೋಡಿದೆ. ಸಹಿ ಆಗಿಹೋಗಿದೆ.”

ಸಾಗರದ ಬಸ್ಸು ಹತ್ತಿದೆವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ನಾನು ಎಷ್ಟೋ ಸಲ ಸುಮ್ಮಸುಮ್ಮನೆ ಆಡಿದ್ದೇನೆ. ಅದರ ರುಚಿ ತಿಳಿದದ್ದು ಅವತ್ತು. ಹೊಸನಗರ ಹತ್ತಿರ ಬರುವಾಗ ಅಕ್ಕೋರು ಕಿಟಕಿಯ ಕಡೆ ಮುಖ ಮಾಡಿಕೊಂಡು, “ತಲೆ ತಪ್ಪಲಿಲ್ಲ ಹುಡ್ಗಿ. ಬೆರಳು ತಪ್ಪಿದ್ದು” ಎಂದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಚಾ ಕುಡಿಸಲು ಅಲ್ಲಿ ಹೋಟೆಲೂ ಇರಲಿಲ್ಲ. ನಾನು ಅವರ ಕೈ ಹಿಡಿದುಕೊಂಡು ಕೂತೆ.

ಇನ್ನು ಇವರು ಕಂಪ್ಯೂಟರಿನ ಸುದ್ದಿ ಎತ್ತುವುದಿಲ್ಲ ಎಂದುಕೊಂಡಿದ್ದೆ. ಎತ್ತಿದರು. ಮುಂದಿನ ಬೇಸಿಗೆಯಲ್ಲಿ ಇನ್‌ಸ್ಟಿಟ್ಯೂಟಿನ ಬಾಗಿಲಿಗೆ ಹೊಸ ಬೋರ್ಡು ಬಂತು: ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಸಲಾಗುವುದು. ಕಂಪ್ಯೂಟರ್ ಎಲ್ಲಿ ಎಂದು ಕೇಳಿದವರಿಗೆ ಬೆಂಕಿಪೊಟ್ಟಣ ತೋರಿಸುತ್ತಿದ್ದರು. ಅರ್ಧಕ್ಕರ್ಧ ಜನ ಅಲ್ಲಿಂದಲೇ ಮೆಟ್ಟಿಲು ಇಳಿದರು. ಉಳಿದ ಕೆಲವರಿಗೆ ಶ್ರದ್ಧೆಯಿಂದ ಕಲಿಸಿದರು. ಕೋರ್ಸು ಮುಗಿಯುತ್ತ ಬಂದಾಗ ಒಬ್ಬ ಹುಡುಗನ ತಂದೆ ಬಂದು, “ಅಕ್ಕೋರೆ, ಸರ್ಟಿಫಿಕೇಟ್ ಒಂದು ಚಂದಾಗಿ ಮಾಡ್ಸಿ ಕೊಡಿ, ಮತ್ತೆಲ್ಲ ಅದರ ಮೇಲೇ ನಡೀತದೆ” ಎಂದರು.

ಅಲ್ಲಿಯ ತನಕ ಸರ್ಟಿಫಿಕೇಟ್ ಪಡೆದವರು ಈಗ ಅದನ್ನು ಕೊಡಬೇಕಾಯಿತು. ಅಕ್ಕೋರು ಹಲವು ದಿನ ಕಾಗದದ ಮೇಲೆ ಗೀಚುತ್ತಿದ್ದರು. ಕೊನೆಗೆ ಅಚ್ಚಿಗೆ ಕೊಟ್ಟರು. ಪ್ರೆಸ್ಸಿನವರು ಕರಡು ಹಿಡಿದುಕೊಂಡು ಓಡಿ ಬಂದು, “ಅಕ್ಕೋರೆ, ಇಲ್ಲಿ ಎಂತದೋ ಹೆಚ್ಚುಕಮ್ಮಿ ಆಗಿದೆ, ಈ ಸಾಲು ತೆಗೀಬೇಕಲ್ಲಾ?” ಎಂದು ಕೇಳಿದರು. ಏನೂ ಹೆಚ್ಚುಕಮ್ಮಿ ಆಗಿರಲಿಲ್ಲ. ಚಿನ್ನದ ಬಣ್ಣದ ಅಂಚಿನ ಆ ಸರ್ಟಿಫಿಕೇಟಿನಲ್ಲಿ ಹೆಸರು, ಕೋರ್ಸು ಎಲ್ಲ ಆದ ಮೇಲೆ ಇಂಗ್ಲಿಷಿನಲ್ಲಿ ಹೀಗಿತ್ತು. ಕನ್ನಡದಲ್ಲಿ ಹೇಳುವುದಾದರೆ: “ಇವರು ಪ್ರೋಗ್ರಾಮ್ ಬರೆಯುವುದನ್ನು ಕಾಗದದ ಮೇಲೆ ಚೆನ್ನಾಗಿ ಕಲಿತಿದ್ದಾರೆ. ಕಂಪ್ಯೂಟರ್ ಮುಟ್ಟಿಲ್ಲ. ದಯವಿಟ್ಟು ಒಂದು ದಿನ ಮುಟ್ಟಲು ಕೊಟ್ಟು, ಆಮೇಲೆ ಪರೀಕ್ಷಿಸಬೇಕು.”

ನಾನು ಜಗಳವಾಡಿದೆ. “ಯಾರಾದ್ರೂ ತಮ್ಮ ಸರ್ಟಿಫಿಕೇಟಲ್ಲಿ ಬರಲ್ಲ ಅಂತ ಬರೀತಾರಾ? ಇದನ್ನ ತೋರ್ಸಿದ್ರೆ ಬಾಗಿಲಿಂದಲೇ ಓಡಿಸ್ತಾರೆ.”

“ಓಡ್ಸೋರು ಹೆಂಗೂ ಓಡಿಸ್ತಾರೆ. ಓದೋರು ಒಬ್ಬರಾದ್ರೂ ಇರ್ತಾರೆ. ಇರೋದನ್ನ ಮಾತ್ರ ಹೇಳಿ ಇಲ್ಲದ್ದನ್ನ ಮುಚ್ಚಿಟ್ರೆ, ಮಷೀನಿನ ಮುಂದೆ ಕೂತು ಬೆವರೋದು ಆ ಹುಡುಗ್ರು, ನಾನಲ್ಲ” ಎಂದರು. ಒಂದು ಸಾಲನ್ನೂ ತೆಗೆಯಲಿಲ್ಲ. ಅಂಥದ್ದೊಂದಕ್ಕೆ ನನ್ನ ಹೆಸರು ಬರೆದು, ಸಹಿ ಹಾಕಿ, ಬಲವಂತವಾಗಿ ನನ್ನ ಕೈಗೂ ಇಟ್ಟರು.

ಎರಡು ವರ್ಷ ಕಳೆದ ಮೇಲೆ ತೀರ್ಥಹಳ್ಳಿಯ ಅದೇ ಸಂಸ್ಥೆ ಇನ್ನೊಬ್ಬ ಪ್ರೋಗ್ರಾಮರ್ ಬೇಕೆಂದು ಕರೆಯಿತು. ಅಕ್ಕೋರ ವಯಸ್ಸು ಮೀರಿತ್ತು. ಪ್ರಕಟಣೆಯನ್ನು ಕತ್ತರಿಸಿ ನನ್ನ ಮುಂದಿಟ್ಟವರು ಅವರೇ. ನಾನು ಒಲ್ಲೆ ಎಂದೆ. ಅವರು ಎಷ್ಟು ಬೈದರೆಂದರೆ ಅರ್ಜಿ ಬರೆಯುವುದೇ ಸುಲಭ ಅನ್ನಿಸಿತು. ಸಂದರ್ಶನಕ್ಕೆ ಬೆಂಗಳೂರಿನಿಂದ ಮತ್ತೆ ಅದೇ ಎಂಜಿನಿಯರನ್ನು ಕರೆಸಿದ್ದರು. ಸರ್ಟಿಫಿಕೇಟ್ ಓದಿ ಜೋರಾಗಿ ನಕ್ಕರು. ಆಮೇಲೆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು. ಕೆಳಗಿನ ಸಹಿ ನೋಡಿದರು. ನಗು ನಿಂತಿತು. “ಇವತ್ತು ಇಡೀ ದಿನ ಕೂತ್ಕೊಳ್ಳಿ. ಪರೀಕ್ಷೆ ನಾಳೆ. ಎಲ್ಲರಿಗೂ ಹಾಗೇ” ಎಂದರು.

ಕೆಲಸ ನನಗೆ ಸಿಕ್ಕಿತು. ಸಾಗರಕ್ಕೆ ಬಂದು, ಮೆಟ್ಟಿಲು ಹತ್ತಿ, ಹೇಳಿದೆ. ಅಕ್ಕೋರು ಕುರ್ಚಿಯಲ್ಲಿ ಕೂತೇ ಇದ್ದರು. “ನಂಗೆ ಹೊಟ್ಟೆಕಿಚ್ಚು ಆಗ್ತಿದೆ ಮಾರಾಯ್ತಿ. ಇವತ್ತೊಂದಿನ ಬಿಡು. ನಾಳೆ ಖುಷಿ ಪಡ್ತೀನಿ” ಎಂದರು. ಮಾರನೆಯ ದಿನ ಬೆಳಿಗ್ಗೆ ಚಿಕ್ಕಮ್ಮನ ಮನೆ ಬಾಗಿಲಲ್ಲಿ ಜಹಾಂಗೀರಿನ ಪೊಟ್ಟಣ ಹಿಡಿದು ನಿಂತಿದ್ದರು. ಹೊಟ್ಟೆಕಿಚ್ಚನ್ನು ಹೀಗೆ ಬಾಯಿಬಿಟ್ಟು ಹೇಳಿ, ಮಾತಿಗೆ ಸರಿಯಾಗಿ ಮಾರನೇ ದಿನ ಮುಗಿಸಿದವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ನನ್ನ ಜೀವನದಲ್ಲಿ ನಾನು ಅವರಷ್ಟು ಪ್ರೀತಿಸಿದವರೂ ಕಡಿಮೆ.

ಕೆಲಸಕ್ಕೆ ಸೇರಿ ಒಂದಷ್ಟು ಕಾಲವಾದ ಮೇಲೆ ಅವರು ನಮ್ಮ ಕಚೇರಿಗೆ ಬಂದರು. ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡಿತ್ತು. ಕೈಯಲ್ಲಿ ಅವತ್ತು ಸಂದರ್ಶನದ ದಿನ ಬರೆದ ಪ್ರೋಗ್ರಾಮಿನ ಕಾಗದವಿತ್ತು. “ಒಂದು ಸಲ ಹೊಡ್ದು ನೋಡ್ಲನೇ?” ಎಂದರು. ಊಟದ ಹೊತ್ತು, ಯಾರೂ ಇರಲಿಲ್ಲ. ನನ್ನ ಕುರ್ಚಿ ಬಿಟ್ಟುಕೊಟ್ಟೆ. ಅವರು ನಿಧಾನವಾಗಿ, ಪ್ರತಿ ಕೀಲಿಯನ್ನೂ ನೋಡಿ ನೋಡಿ ಹೊಡೆದರು. ಕೊನೆಯ ಕೀಲಿ ಒತ್ತಿ ಕೈಯನ್ನು ಮಡಿಲಿಗೆ ತೆಗೆದುಕೊಂಡರು. ಪ್ರಿಂಟರು ಕಿರ್ರೆಂದು ಸದ್ದು ಮಾಡಿ ಸಾಲುಗಳನ್ನು ಹೊಡೆಯತೊಡಗಿತು. ಒಂದೂ ತಪ್ಪಿಲ್ಲ. ಲೆಕ್ಕ ಪೂರ್ತಿ ಬಂತು. ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

ಅಷ್ಟರಲ್ಲಿ ಹೊಸದಾಗಿ ಬಂದಿದ್ದ ನಮ್ಮ ಮ್ಯಾನೇಜರು ಒಳಗೆ ಬಂದರು. ನನ್ನ ಕುರ್ಚಿಯಲ್ಲಿ ಬೇರೆಯವರು ಕೂತದ್ದು ಕಂಡು, ಇವರು ಯಾರು ಎಂಬಂತೆ ನನ್ನನ್ನು ನೋಡಿದರು. ಅಕ್ಕೋರು ಎದ್ದು ನಿಂತು ಕೈಮುಗಿದರು.

“ಪ್ರೋಗ್ರಾಮರ್ ಸರ್” ಎಂದರು.

“ಓಹೋ! ಎಲ್ಲಿ ಕೆಲಸ ಮಾಡ್ತಿದೀರಿ?”

“ಕೆಲಸ ಇನ್ನೂ ಸಿಕ್ಕಿಲ್ಲ.”